ಹಳದಿ ಮಲ್ಟಿಮೀಟರ್, ನಾಲ್ಕು ವರ್ಷದ ಬಳಕೆ: ಬೈಕಿನ ಹೆಡ್‌ಲೈಟ್ ದೋಷ ಹಿಡಿದುಕೊಟ್ಟ ಬಗೆ

ವೋಲ್ಟ್, ಕರೆಂಟ್ ಅಳೆಯುವ ಈ ಮೀಟರ್ ಕೊಂಡಿದ್ದು 2021ರ ಮಳೆಗಾಲದಲ್ಲಿ, ಹುಬ್ಬಳ್ಳಿ ಪೇಟೆಯಲ್ಲಿ, 350 ರೂಪಾಯಿಗೆ. ಹಳದಿ ಡಬ್ಬಿ, ನಡುವೆ ತಿರುಗಿಸುವ ಗುಂಡಿ, ಕೆಂಪು ಕಪ್ಪು ಎರಡು ಪ್ರೋಬ್, ಒಳಗೊಂದು 9 ವೋಲ್ಟಿನ ಚೌಕ ಸೆಲ್. ಎಲೆಕ್ಟ್ರಿಕಲ್ ಅಂಗಡಿಗಳಲ್ಲಿ ನೇತುಹಾಕಿರುತ್ತಾರಲ್ಲ, ಅದೇ. ಕೊಳ್ಳುವ ಹಾಗೆ ಮಾಡಿದ್ದು ನನ್ನ ಬೈಕಿನ ಹೆಡ್‌ಲೈಟ್, ಹಾಗಾಗಿ ಆ ಕಥೆಯಿಂದಲೇ ಶುರು ಮಾಡುತ್ತೇನೆ.

ನನ್ನ ಊರು ಅಣ್ಣಿಗೇರಿ, ಕೆಲಸ ಹುಬ್ಬಳ್ಳಿಯ ಗೋಕುಲ ರೋಡಿನ ಕೈಗಾರಿಕಾ ಪ್ರದೇಶದಲ್ಲಿ. ಸೆಕೆಂಡ್ ಶಿಫ್ಟ್ ಮುಗಿಸಿ ಗದಗ ರಸ್ತೆ ಹಿಡಿದರೆ ಮನೆ ಮುಟ್ಟುವುದು ಮಧ್ಯರಾತ್ರಿ. ಒಂದು ರಾತ್ರಿ ಶಿರಗುಪ್ಪಿ ದಾಟಿದ ಮೇಲೆ, ಸುತ್ತ ಬರೀ ಎರೆಹೊಲ ಇರುವ ಕಡೆ, ಎದುರಿನ ಲಾರಿಗೆ ದಾರಿ ಬಿಡಲು ಎಡಕ್ಕೆ ಸರಿದೆ. ಲೈಟು ಆರಿಹೋಯಿತು. ಎಣಿಸಿದರೆ ಎರಡು ಸೆಕೆಂಡು ಇದ್ದೀತು, ಮತ್ತೆ ತಾನಾಗಿ ಹತ್ತಿತು. ಹತ್ತಿದ ಬೆಳಕಿನಲ್ಲಿ ಕಂಡಿದ್ದು ಹಿಂದೆ ದೀಪವಿಲ್ಲದ ಒಂದು ಟ್ರ್ಯಾಕ್ಟರ್ ಟ್ರೇಲರ್, ನನ್ನಿಂದ ಇಪ್ಪತ್ತು ಮಾರು ದೂರದಲ್ಲಿ. ಆ ರಾತ್ರಿ ಮನೆಗೆ ಬಂದರೂ ಬಹಳ ಹೊತ್ತು ಕೈ ನಡುಗುತ್ತಿತ್ತು.

ಆಮೇಲೆ ಎರಡು ತಿಂಗಳು ರಿಪೇರಿಯ ಓಡಾಟ. ಬಲ್ಬ್ ಎರಡು ಸಲ ಬದಲಾಯಿತು, ಹ್ಯಾಂಡಲ್ ಮೇಲಿನ ಡಿಪ್ಪರ್ ಸ್ವಿಚ್ ಬದಲಾಯಿತು. ಗ್ಯಾರೇಜಿಗೆ ಹೋದಾಗಲೆಲ್ಲ ಲೈಟು ಚೆನ್ನಾಗಿಯೇ ಉರಿಯುತ್ತಿತ್ತು. ಬಂದು ಹೋಗುವ ದೋಷದ ಕಾಟವೇ ಇದು, ತೋರಿಸಬೇಕೆಂದಾಗ ಇರುವುದಿಲ್ಲ. ಕೊನೆಗೆ "ವೈರಿಂಗ್ ಪೂರಾ ಚೇಂಜ್ ಮಾಡಬೇಕ್ರೀ" ಅಂದರು. ಹೊಸ ವೈರಿಂಗ್ ಮತ್ತು ಕೂಲಿ ಸೇರಿದರೆ ನನ್ನ ಅರ್ಧ ಸಂಬಳ.

ಪಂಪ್‌ಸೆಟ್ ಮೋಟಾರ್ ರಿವೈಂಡಿಂಗ್ ಮಾಡುವ ಗೆಳೆಯನೊಬ್ಬನಿದ್ದಾನೆ. ಅವನ ಮುಂದೆ ಹೇಳಿಕೊಂಡಾಗ ಕೇಳಿದ್ದು ಒಂದೇ ಪ್ರಶ್ನೆ: "ಲೈಟ್ ಆರಿದಾಗ ಮೀಟರ್ ಬೋರ್ಡಿನ್ಯಾಗ ಹೈ ಬೀಮಿನ ನೀಲಿ ದೀಪ ಮಿಣಕ್ ಅಂತೇನು?" ಅಂತಿತ್ತು! ಲೋ ಬೀಮಿನಲ್ಲೇ ಓಡಿಸುತ್ತಿದ್ದರೂ ಆರಿದ ಗಳಿಗೆಯಲ್ಲಿ ಆ ನೀಲಿ ದೀಪ ಮಸುಕಾಗಿ ಕಾಣುತ್ತಿತ್ತು. ನಾನು ಅದನ್ನು ಯಾರಿಗೂ ಹೇಳಿರಲಿಲ್ಲ, ಯಾರೂ ಕೇಳಿರಲೂ ಇಲ್ಲ. "ಹಂಗಾದ್ರ ಅರ್ಥ್ ಹೋಗೇತಿ, ಮೀಟರ್ ತೊಗೊಂಡ್ ಬಾ" ಅಂದ.

ಅವನು ವಿವರಿಸಿದ್ದು ಹೀಗೆ. ಬಲ್ಬಿನೊಳಗೆ ಲೋ ಮತ್ತು ಹೈ ಎರಡು ಫಿಲಮೆಂಟ್ (ಉರಿಯುವ ತಂತಿ) ಇರುತ್ತವೆ, ಎರಡಕ್ಕೂ ಅರ್ಥ್, ಅಂದರೆ ಕರೆಂಟ್ ಬ್ಯಾಟರಿ ಮೈನಸ್‌ಗೆ ಮರಳುವ ವೈರ್, ಒಂದೇ. ಆ ಅರ್ಥ್ ಕಡಿದರೆ ಲೋ ಫಿಲಮೆಂಟಿನಿಂದ ಬಂದ ಕರೆಂಟಿಗೆ ನೇರ ದಾರಿ ಇಲ್ಲ. ಅದು ಹೈ ಫಿಲಮೆಂಟಿನೊಳಗೆ ಹಿಂದಕ್ಕೆ ಹರಿದು, ಹೈ ಬೀಮ್ ವೈರ್ ಹಿಡಿದು ಆ ನೀಲಿ ದೀಪದ ಮೂಲಕ ದಾರಿ ಮಾಡಿಕೊಳ್ಳುತ್ತದೆ. ಆ ಚಿಕ್ಕ ದೀಪಕ್ಕೆ ಸಾಲುವಷ್ಟು ಕರೆಂಟ್ ಹೆಡ್‌ಲೈಟ್ ಉರಿಸಲು ಏನೇನೂ ಸಾಲದು.

ಮೀಟರ್ ತಂದ ಮೊದಲ ದಿನ ನಾನು ಮಾಡಿದ್ದು ಎಲ್ಲರೂ ಮಾಡುವುದನ್ನೇ. ಗುಂಡಿಯನ್ನು ಬೀಪ್ ಗುರುತಿಗೆ ತಿರುಗಿಸಿ ಹೋಲ್ಡರಿನ ಅರ್ಥ್ ಪಿನ್ನಿನಿಂದ ಬ್ಯಾಟರಿ ಮೈನಸ್‌ವರೆಗೆ ನೋಡಿದೆ. ಬೀಪ್ ಬಂತು, ವೈರ್ ಸರಿ ಇದೆ ಎಂದುಕೊಂಡೆ. ಗೆಳೆಯ ಒಪ್ಪಲಿಲ್ಲ. ಬೀಪ್ ಮಾಡಲು ಮೀಟರ್ ಕಳಿಸುವ ಕರೆಂಟ್ ಮಿಲಿಆಂಪಿಯರ್ ಲೆಕ್ಕದ್ದು. ನನ್ನ ಬೈಕಿನ 35 ವ್ಯಾಟ್ ಹ್ಯಾಲೊಜನ್ ಬಲ್ಬ್ ಕೇಳುವುದು ಹತ್ತಿರ ಹತ್ತಿರ 3 ಆಂಪಿಯರ್. ಒಂದೇ ಎಳೆ ದಾರಕ್ಕೆ ಸೂಜಿ ತೂಗುಹಾಕಿದರೆ ನಿಲ್ಲುತ್ತದೆ, ತುಂಬಿದ ಕೊಡ ಕಟ್ಟಿದರೆ ಹರಿಯುತ್ತದೆ. ವೈರನ್ನು ಪರೀಕ್ಷಿಸಬೇಕಾದರೆ ಕೊಡ ಕಟ್ಟಿಯೇ ನೋಡಬೇಕು, ಅಂದರೆ ಲೈಟು ಉರಿಯುತ್ತಿರುವಾಗಲೇ.

ಗುಂಡಿಯನ್ನು ಡಿಸಿ 20 ವೋಲ್ಟಿಗೆ ಇಟ್ಟೆವು. ಕಪ್ಪು ಪ್ರೋಬ್ ಬ್ಯಾಟರಿ ಮೈನಸ್‌ಗೆ. ಹೋಲ್ಡರಿನ ಹಿಂದಿನಿಂದ ಅರ್ಥ್ ವೈರಿನ ಪಕ್ಕ ಒಂದು ಗುಂಡುಸೂಜಿ ತೂರಿಸಿ, ಕೆಂಪು ಪ್ರೋಬನ್ನು ಅದಕ್ಕೆ ಮುಟ್ಟಿಸಿದೆವು. ಎಂಜಿನ್ ಚಾಲೂ, ಲೈಟು ಉರಿಯುತ್ತಿದೆ. ಅರ್ಥ್ ಸರಿಯಿದ್ದರೆ ಮೀಟರಿನ ಅಂಕಿ ಸೊನ್ನೆಗೆ ಅಂಟಿಕೊಂಡಿರಬೇಕು, ಹ್ಯಾಂಡಲ್ ನೇರ ಇದ್ದಾಗಲೇ 0.7 ಇತ್ತು. ಮೆಲ್ಲಗೆ ಎಡಕ್ಕೆ ತಿರುಗಿಸಿದೆ. 3 ಆಯಿತು, 5 ಆಯಿತು, ಬೆಳಕು ಕೆಂಪಗಾಯಿತು. ಕೊನೆಯವರೆಗೆ ತಿರುಗಿಸಿದಾಗ ಲೈಟು ಆರಿತು, ನೀಲಿ ದೀಪ ಮಿಣುಕಿತು, ಮೀಟರಿನಲ್ಲಿ 12.4. ಎರಡು ತಿಂಗಳು ಯಾರಿಗೂ ಸಿಗದ ದೋಷ ನಮ್ಮ ಮನೆ ಅಂಗಳದಲ್ಲಿ ಅಂಕಿಯಾಗಿ ನಿಂತಿತ್ತು. ಆ ಕ್ಷಣದ ಸಂತೋಷವನ್ನು ನಾನು ಮರೆಯುವುದಿಲ್ಲ.

ಹ್ಯಾಂಡಲ್ ಕುತ್ತಿಗೆಯ ಹತ್ತಿರ ವೈರುಗಳ ಮೇಲಿನ ಟೇಪ್ ಬಿಚ್ಚಿದೆವು. ಎರೆಮಣ್ಣು ಗಟ್ಟಿಯಾಗಿ ಕೂತಿತ್ತು. ಹಿಂದಿನ ವರ್ಷ ಮೊಬೈಲ್ ಚಾರ್ಜರ್ ಕೂರಿಸಿದವರು ಆ ವೈರನ್ನೂ ಸೇರಿಸಿ ಪ್ಲಾಸ್ಟಿಕ್ ಟೈ ಬಿಗಿದಿದ್ದರು, ಜಗ್ಗಿ ಬಿಗಿದಿದ್ದರು. ಹ್ಯಾಂಡಲ್ ತಿರುಗಿದಾಗಲೆಲ್ಲ ವೈರ್ ಅದೇ ಜಾಗದಲ್ಲಿ ಮಡಚಬೇಕು. ಹೊರಗಿನ ಪ್ಲಾಸ್ಟಿಕ್ಕಿಗೆ ಒಂದು ಗೀರೂ ಇರಲಿಲ್ಲ. ಆದರೆ ಎರಡೂ ಕಡೆ ಹಿಡಿದು ಮೆಲ್ಲಗೆ ಎಳೆದಾಗ ಟೈ ಇದ್ದಲ್ಲಿ ರಬ್ಬರಿನಂತೆ ಹಿಗ್ಗಿತು. ತಾಮ್ರ ಇದ್ದರೆ ವೈರ್ ಹಿಗ್ಗುವುದಿಲ್ಲ. ಸೀಳಿ ನೋಡಿದರೆ ಎರಡೇ ಎಳೆ ಉಳಿದಿದ್ದವು, ಅವೂ ಕಡಿದು ತುದಿಗೆ ತುದಿ ಮುಟ್ಟಿಕೊಂಡಿದ್ದವಷ್ಟೇ, ಉಳಿದದ್ದೆಲ್ಲ ಹಸಿರು ಕಿಲುಬು.

ಹೊಳೆಯುವ ತಾಮ್ರ ಸಿಗುವವರೆಗೆ ಕತ್ತರಿಸಿ, 1 ಚದರ ಮಿ.ಮೀ. ದಪ್ಪದ ಹೊಸ ವೈರ್ ಸೇರಿಸಿದೆವು. ಬೆಸುಗೆಯನ್ನು ಮಡಚುವ ಜಾಗದಿಂದ ದೂರ ಹಾಕಿ ಮೇಲೆ ಬಿಸಿಗೆ ಕುಗ್ಗಿ ಬಿಗಿಯಾಗುವ ಹೀಟ್ ಶ್ರಿಂಕ್ ಕೊಳವೆ ಏರಿಸಿದೆವು. ಹ್ಯಾಂಡಲ್ ಪೂರ್ತಿ ತಿರುಗಿದರೂ ಜಗ್ಗದಷ್ಟು ಸಡಿಲ ಬಿಟ್ಟೆವು. ಆಮೇಲೆ ಮೀಟರ್ ತೋರಿಸಿದ್ದು 0.06, ಯಾವ ಕಡೆ ತಿರುಗಿಸಿದರೂ ಅಷ್ಟೇ.

ಮೀಟರ್ ಕೈಯಲ್ಲಿದೆ ಎಂದು ಪ್ಲಸ್ ಕಡೆಯನ್ನೂ ನೋಡಿದೆವು. ಬ್ಯಾಟರಿಯಲ್ಲಿ 13.5, ಬಲ್ಬಿಗೆ ತಲುಪುತ್ತಿದ್ದದ್ದು 12.3. ಹ್ಯಾಲೊಜನ್ ಬಲ್ಬಿಗೆ ವೋಲ್ಟೇಜ್ ಶೇ. 10 ಕಡಿಮೆಯಾದರೆ ಬೆಳಕು ಸುಮಾರು ಶೇ. 30 ಕಡಿಮೆಯಾಗುತ್ತದೆ. ಹೋಲ್ಡರಿನ ಪ್ಲಾಸ್ಟಿಕ್ ಕಂದುಗಟ್ಟಿ ಪಿನ್ನುಗಳು ಸಡಿಲಾಗಿದ್ದವು. 2017ರ ಏಪ್ರಿಲ್ ನಂತರದ ಬೈಕುಗಳಿಗೆ ಹೆಡ್‌ಲೈಟ್ ಆರಿಸುವ ಸ್ವಿಚ್ಚೇ ಇಲ್ಲ, ನನ್ನದು 2018ರದ್ದು. ಹಗಲೆಲ್ಲ ಉರಿದು ಉರಿದು ಹೋಲ್ಡರ್ ಕಾಯುತ್ತದೆ. ಪಿಂಗಾಣಿ ಹೋಲ್ಡರ್ ಹಾಕಿದೆ.

ಇನ್ನು ಮೀಟರಿನ ಬಗ್ಗೆ. ಎರಡನೇ ವರ್ಷ ಕೆಂಪು ಪ್ರೋಬಿನ ವೈರ್ ಹಿಡಿಕೆಯ ಬುಡದಲ್ಲಿ ಒಳಗೇ ಕಡಿಯಿತು. 150 ರೂಪಾಯಿ ಕೊಟ್ಟು ಮೆತ್ತನೆಯ ಸಿಲಿಕೋನ್ ಪ್ರೋಬ್ ತಂದೆ, ಅವು ಇಂದಿಗೂ ಚೆನ್ನಾಗಿವೆ. ಪರದೆಗೆ ಬೆಳಕಿಲ್ಲ, ರಾತ್ರಿ ಟಾರ್ಚ್ ಹಿಡಿಯಲು ಇನ್ನೊಬ್ಬರು ಬೇಕು. ದೊಡ್ಡ ತೊಂದರೆ ಸೆಲ್ಲಿನದು. ಸೆಲ್ ಸೋತಾಗ ಈ ಮೀಟರ್ ಹೆಚ್ಚಿನ ಅಂಕಿ ತೋರಿಸುತ್ತದೆ. ಒಮ್ಮೆ ಚಾರ್ಜಿಂಗ್ 15.6 ತೋರಿಸಿತು, ಚಾರ್ಜಿಂಗ್ ವೋಲ್ಟೇಜ್ ಮಿತಿಯಲ್ಲಿಡುವ ರೆಗ್ಯುಲೇಟರ್ ಕೆಟ್ಟಿದೆ ಎಂದು ಹೊಸದು ತರಲು ಹೊರಟಿದ್ದೆ. ಸೆಲ್ ಬದಲಿಸಿದರೆ 14.2, ಏನೂ ಕೆಟ್ಟಿರಲಿಲ್ಲ. ಈಗ ವರ್ಷಕ್ಕೊಮ್ಮೆ ಸೆಲ್ ಹೊಸದು ಹಾಕುತ್ತೇನೆ.

ಹೊಲದ ಪಂಪ್‌ಸೆಟ್ಟಿನ ತ್ರೀಫೇಸ್ ಲೈನಿಗೆ ಇದನ್ನು ನಾನು ಹಚ್ಚುವುದಿಲ್ಲ, ಯಾರೂ ಹಚ್ಚಬೇಡಿ. ಇಷ್ಟು ತೆಳುವಾದ ಡಬ್ಬಿ ಆ ಕೆಲಸಕ್ಕಲ್ಲ. 12 ವೋಲ್ಟಿನ ಬೈಕು, ಟ್ರ್ಯಾಕ್ಟರುಗಳಿಗೆ ಮಾತ್ರ ಕಣ್ಣುಮುಚ್ಚಿ ಕೊಳ್ಳಿ.

ಮಳೆಗಾಲ ಹಿಡಿಯುವ ಮುಂಚೆ ಪ್ರತಿ ವರ್ಷ ಅದೇ ಸೂಜಿ ತೂರಿಸಿ ಅದೇ ಅಳತೆ ನೋಡುತ್ತೇನೆ. ಈ ವರ್ಷ 0.08 ಬಂತು. ಓಣಿಯ ಹುಡುಗರು ಮೀಟರ್ ಕೇಳಿಕೊಂಡು ಬರುತ್ತಾರೆ, ಕೊಡುತ್ತೇನೆ. ಕೊಡುವ ಮುಂಚೆ ಕೆಂಪು ಪ್ರೋಬ್ 10 ಆಂಪಿಯರ್ ತೂತಿನಲ್ಲಿ ಇಲ್ಲ ತಾನೇ ಎಂದು ನೋಡುತ್ತೇನೆ. ಆ ತೂತಿಗೆ ಒಳಗೆ ಫ್ಯೂಸ್ ಇಲ್ಲ, ಹಾಗೇ ಬ್ಯಾಟರಿಗೆ ಮುಟ್ಟಿಸಿದರೆ ನೇರ ಶಾರ್ಟ್ ಆಗಿ ಪ್ರೋಬ್ ಸುಡುತ್ತದೆ.