ಸ್ಟಡಿ ಪರ್ಮಿಟ್ ಇದ್ದರೂ ವಿಮಾನ ಹತ್ತಲು ಬಿಡಲಿಲ್ಲ: ಕೆನಡಾದಲ್ಲಿ ಮಕ್ಕಳಿರುವವರು ದಯವಿಟ್ಟು ಓದಿ

ಕಳೆದ ತಿಂಗಳು ನನ್ನ ಅಕ್ಕನ ಮಗಳನ್ನು ಬೆಂಗಳೂರು ವಿಮಾನ ನಿಲ್ದಾಣದ ಕೌಂಟರಿನಿಂದಲೇ ವಾಪಸ್ ಕಳಿಸಿದರು. ಕೆನಡಾದಲ್ಲಿ ಓದುವ ಹುಡುಗಿ, ಅಣ್ಣನ ಮದುವೆಗೆಂದು ಉಡುಪಿಗೆ ಬಂದಿದ್ದಳು. ಟಿಕೆಟಿನ ದುಡ್ಡು ಹೋಯಿತು, ಕ್ಲಾಸುಗಳೂ ತಪ್ಪಿದವು.

ಅವಳು ಕೆನಡಾದಲ್ಲಿದ್ದಾಗಲೇ ಆನ್‌ಲೈನಿನಲ್ಲಿ ಸ್ಟಡಿ ಪರ್ಮಿಟ್ ಅವಧಿ ಮುಂದುವರಿಸಿಕೊಂಡಿದ್ದಳು. ಹೊಸ ಪರ್ಮಿಟ್ ಬಂತು. ಆದರೆ ಹಾಗೆ ಮುಂದುವರಿಸಿದಾಗ ವೀಸಾ ಜೊತೆಗೆ ಬರುವುದಿಲ್ಲ, ಅದಕ್ಕೆ ಬೇರೆಯೇ ಅರ್ಜಿ. ಮೊದಲ ಸಲ ಹೋಗುವಾಗ ಎರಡೂ ಒಟ್ಟಿಗೆ ಸಿಗುವುದರಿಂದ ಎಲ್ಲರೂ ಎರಡೂ ಒಂದೇ ಅಂದುಕೊಳ್ಳುತ್ತಾರೆ. ಪರ್ಮಿಟ್ ಇರುವುದು ಅಲ್ಲಿದ್ದು ಓದುವುದಕ್ಕೆ. ಊರಿಂದ ವಾಪಸ್ ಹೋಗಲು ವೀಸಾವೇ ಬೇಕು. ಪಾಸ್‌ಪೋರ್ಟಿನ ವೀಸಾ ಸ್ಟಿಕ್ಕರಿನ ಅವಧಿ ಮುಗಿದಿರುವುದು ಮದುವೆ ಗಡಿಬಿಡಿ ಕಳೆದ ಮೇಲೆ ನಮ್ಮ ಕಣ್ಣಿಗೆ ಬಿತ್ತು.

ಮಂಗಳೂರಿನ ಒಬ್ಬ ಏಜೆಂಟರ ಹತ್ತಿರ ಕರೆದುಕೊಂಡು ಹೋದವನು ನಾನೇ. "ವೀಸಾ ಎಂತಕ್ಕೆ? ಸ್ಟೂಡೆಂಟ್ ಅಲ್ವಾ, ಇಟಿಎ ಮಾಡಿದ್ರೆ ಆಯ್ತು" ಅಂದರು. ಇಟಿಎ ಅಂದರೆ ವೀಸಾ ಬದಲು ಆನ್‌ಲೈನಿನಲ್ಲೇ ಕೊಡುವ ಪ್ರಯಾಣದ ಅನುಮತಿ. ಒಂಬತ್ತು ಸಾವಿರ ತೆಗೆದುಕೊಂಡು ಸಂಜೆಯೊಳಗೆ ವಾಟ್ಸಾಪಿಗೆ ಪಿಡಿಎಫ್ ಹಾಕಿದರು. ಮೇಲೆ ಕೆಂಪು ಮೇಪಲ್ ಎಲೆ, ನಡುವೆ ಅವಳ ಹೆಸರು, ಪಾಸ್‌ಪೋರ್ಟ್ ನಂಬರು. ತೀರಾ ಕೆಳಗೆ ಸಣ್ಣ ಅಕ್ಷರದಲ್ಲಿ 'ಅರ್ಜಿ ಸ್ವೀಕರಿಸಲಾಗಿದೆ' ಎಂದಷ್ಟೇ ಇತ್ತು. ನಾನು ಅಲ್ಲಿವರೆಗೆ ಓದಲೇ ಇಲ್ಲ. ಕೌಂಟರಿನಲ್ಲಿದ್ದವರು ಓದಿದರು. "ಇದು ಇಟಿಎ ಅಲ್ಲ. ನಿಮ್ಮ ಪಾಸ್‌ಪೋರ್ಟಿಗೆ ಇಟಿಎ ಕೊಡುವುದೂ ಇಲ್ಲ. ವೀಸಾ ಎಲ್ಲಿ?"

ಅವರು ಹೇಳಿದ್ದು ಸರಿ. 2016ರಲ್ಲಿ ಬಂದ ಈ ಇಟಿಎ, ವೀಸಾ ವಿನಾಯಿತಿ ಇರುವ ದೇಶಗಳವರು ವಿಮಾನದಲ್ಲಿ ಕೆನಡಾಕ್ಕೆ ಹೋಗುವುದಕ್ಕೆ. ವಿದ್ಯಾರ್ಥಿಯಾದ ಮಾತ್ರಕ್ಕೆ ಭಾರತದ ಪಾಸ್‌ಪೋರ್ಟಿಗೆ ಸಿಗುವುದಿಲ್ಲ. ಸಿಗುವವರಿಗೂ ಸರ್ಕಾರಿ ಶುಲ್ಕ ಬರೀ 7 ಕೆನಡಾ ಡಾಲರ್! ನಮ್ಮ ಕಡೆಯವರಲ್ಲಿ ಬ್ರಿಟಿಷ್ ಪಾಸ್‌ಪೋರ್ಟ್ ಇರುವ ಮಕ್ಕಳೂ ಇದ್ದಾರೆ. ಅವರಿಗೆ ಇಟಿಎ ಸಾಕು, ಆದರೆ ಅದು ಪಾಸ್‌ಪೋರ್ಟಿಗೇ ಜೋಡಿಸಿದ್ದು. ಹೆಚ್ಚೆಂದರೆ 5 ವರ್ಷ ಇರುತ್ತದೆ, ನಡುವೆ ಪಾಸ್‌ಪೋರ್ಟ್ ಹೊಸದಾದರೆ ಇಟಿಎಯನ್ನೂ ಹೊಸದಾಗಿ ಮಾಡಿಸಬೇಕು.

ಈಗ ಕೆನಡಾ ಸರ್ಕಾರದ ಸೈಟಿನಲ್ಲಿ ನಾವೇ ಕೂತು ವೀಸಾ ಅರ್ಜಿ ಹಾಕಿದ್ದೇವೆ, ಶುಲ್ಕ 100 ಡಾಲರ್. ಮೊದಲು ಕೊಟ್ಟ ಬೆರಳಚ್ಚು 10 ವರ್ಷ ನಡೆಯುತ್ತದೆ, ಅದೊಂದು ಸಮಾಧಾನ. ಅಕ್ಕ ಮಾತ್ರ ಬೆಳಗಾದರೆ "ಮೇಲ್ ಬಂತನಾ?" ಅಂತ ಫೋನ್ ಮಾಡುತ್ತಾಳೆ.

ನಿಮ್ಮ ಮಕ್ಕಳು ರಜೆಗೆ ಊರಿಗೆ ಬರುವವರಿದ್ದರೆ ಇವತ್ತೇ ಮಾತಾಡಿ. ಪಾಸ್‌ಪೋರ್ಟ್ ತೆಗೆಸಿ, ಸ್ಟಿಕ್ಕರಿನ ಮೇಲಿನ ಕೊನೇ ತಾರೀಕನ್ನು ಫೋನಿನಲ್ಲೇ ಓದಿ ಹೇಳಲಿ. ಟಿಕೆಟ್ ಆಮೇಲೆ ಮಾಡಿಸಿ.