ಅಗ್ಗದ ಬಯಾಸ್ ಪ್ರೋಗ್ರಾಮರ್: ಒಂದು ಪಿನ್ ಎತ್ತಿದ ಮೇಲಿನ ಬಳಕೆ

ಶಿವಮೊಗ್ಗದ ದುರ್ಗಿಗುಡಿಯಲ್ಲಿ ಕಂಪ್ಯೂಟರ್ ದುರಸ್ತಿ ಮಾಡುವ ನನಗೆ ಮಳೆಗಾಲವೆಂದರೆ ಬಯಾಸ್ (ಕಂಪ್ಯೂಟರನ್ನು ಚಾಲೂ ಮಾಡುವ ಮೂಲ ತಂತ್ರಾಂಶ) ಕೆಟ್ಟ ಮದರ್‌ಬೋರ್ಡ್‌ಗಳ ಕಾಲವೂ ಹೌದು. ಅಪ್‌ಡೇಟ್ ನಡೆಯುತ್ತಿರುವಾಗಲೇ ಕರೆಂಟು ಹೋದರೆ ಎಷ್ಟೋ ಯಂತ್ರಗಳು ಮತ್ತೆ ಏಳುವುದಿಲ್ಲ. ಅಂಥವನ್ನು ಎಬ್ಬಿಸಲೆಂದು ಮೂರು ವರ್ಷಗಳ ಹಿಂದೆ ಸಿಎಚ್‌341ಎ ಚಿಪ್ ಇರುವ, ಕಪ್ಪು ಬಣ್ಣದ ಅಗ್ಗದ ಯುಎಸ್‌ಬಿ ಪ್ರೋಗ್ರಾಮರ್, ಅಂದರೆ ಬಯಾಸ್ ಚಿಪ್ಪನ್ನು ಓದಿ ಬರೆಯುವ ಸಾಧನ, ತರಿಸಿದೆ.

ಇದರ ದೋಷ ಹೊರನೋಟಕ್ಕೆ ತಿಳಿಯುವುದಿಲ್ಲ. ಪ್ರೋಗ್ರಾಮರಿನ ಬೋರ್ಡಿನಲ್ಲಿ 3.3 ವೋಲ್ಟ್ ರೆಗ್ಯುಲೇಟರ್ (ವೋಲ್ಟೇಜು ಇಳಿಸಿ ಸ್ಥಿರವಾಗಿಡುವ ಭಾಗ) ಇದ್ದು ಬಯಾಸ್ ಚಿಪ್‌ಗೆ ವಿದ್ಯುತ್ ಸರಿಯಾಗಿಯೇ ಸಿಗುತ್ತದೆ. ಆದರೆ ಸಿಎಚ್‌341ಎ ಮಾತ್ರ ಯುಎಸ್‌ಬಿಯ 5 ವೋಲ್ಟಿನಲ್ಲೇ ನಡೆಯುವುದರಿಂದ, ಬಯಾಸ್ ಚಿಪ್‌ಗೆ ಸಂಕೇತ ಒಯ್ಯುವ ಕ್ಲಾಕ್ ಮತ್ತು ಡೇಟಾ ಲೈನುಗಳು ಸುಮಾರು ಅಷ್ಟೇ ಎತ್ತರಕ್ಕೆ ಏರುತ್ತವೆ. ಬಯಾಸ್ ಚಿಪ್‌ಗಳಲ್ಲೊಂದಾದ ವಿನ್‌ಬಾಂಡ್‌ನ 8 ಎಂಬಿಯ ಡಬ್ಲ್ಯು25ಕ್ಯು64ಎಫ್‌ವಿ ಚಿಪ್‌ನ ಯಾವ ಪಿನ್‌ಗೂ ಅದರ ಪೂರೈಕೆ ವೋಲ್ಟೇಜಿಗಿಂತ 0.4 ವೋಲ್ಟ್ ಮೀರಿ ಕೊಡಕೂಡದೆಂದು ತಯಾರಕರ ಡೇಟಾಶೀಟ್ ಹೇಳುತ್ತದೆ. ಮೊದಲ ವರ್ಷ ಹಾಗೆಯೇ ಬಳಸಿದರೂ ಒಂದು ಚಿಪ್ಪೂ ಸುಡಲಿಲ್ಲವೆಂಬುದು ನಿಜ. ಆದರೂ ಕ್ಲಿಪ್ ಹಾಕಿ ಮದರ್‌ಬೋರ್ಡಿನ ಮೇಲೆಯೇ ಓದುವಾಗ ಅದೇ ವೋಲ್ಟೇಜು ಚಿಪ್‌ಸೆಟ್‌ಗೂ ತಲುಪಬಹುದಾದ್ದರಿಂದ, ಗಿರಾಕಿಯ ಬೋರ್ಡಿನ ಮೇಲೆ ಆ ಜೂಜಾಡಲು ಮನಸ್ಸೊಪ್ಪಲಿಲ್ಲ.

ಮಾರ್ಪಾಡಿಗೆ ಬೇಕಾದದ್ದು ಗೇಣುದ್ದದ ತೆಳು ತಂತಿ ಮತ್ತು ತಾಳ್ಮೆ. ಸಿಎಚ್‌341ಎಗೆ ವಿದ್ಯುತ್ ಕೊಡುವ 28ನೇ ಪಿನ್ನನ್ನು ಬೆಸುಗೆ ಬಿಡಿಸಿ ಎತ್ತಿ, 5 ವೋಲ್ಟಿನಿಂದ ಪೂರ್ತಿ ಬೇರ್ಪಡಿಸಿ, ಅದನ್ನೂ 9ನೇ ಪಿನ್ನನ್ನೂ ರೆಗ್ಯುಲೇಟರಿನ 3.3 ವೋಲ್ಟ್ ಔಟ್‌ಪುಟ್‌ಗೆ ಸೇರಿಸಬೇಕು. ಎಎಂಎಸ್1117 ಎಂಬ ಈ ರೆಗ್ಯುಲೇಟರಿನಲ್ಲಿ ಔಟ್‌ಪುಟ್ ಎಂದರೆ ನಡುವಿನ ಪಿನ್; ಮೇಲಿನ ಅಗಲದ ಪಟ್ಟಿಯೂ ಅದೇ ಆಗಿರುವುದರಿಂದ ಬೆಸುಗೆಗೆ ಜಾಗ ಧಾರಾಳ. ಅವಸರದಲ್ಲಿ ಐರನ್ ಹೆಚ್ಚು ಹೊತ್ತು ಒತ್ತಿ, 28ನೇ ಪಿನ್ನಿನ ಕೆಳಗಿನ ತಾಮ್ರದ ಪದರವನ್ನೇ ಕಿತ್ತುಕೊಂಡೆ. ಆ ಜಾಗ ಹೇಗೂ ಇನ್ನು ಬೇಡವಾಗಿದ್ದದ್ದು ನನ್ನ ಪುಣ್ಯ. ಈಗ ಮಲ್ಟಿಮೀಟರ್ ಹಿಡಿದರೆ ಯಾವ ಲೈನೂ 3.3 ವೋಲ್ಟ್ ದಾಟುವುದಿಲ್ಲ.

ಆಮೇಲಿನ ಎರಡು ವರ್ಷಗಳಲ್ಲಿ ಪ್ರೋಗ್ರಾಮರ್ ಒಮ್ಮೆಯೂ ಕೈಕೊಟ್ಟಿಲ್ಲ. 8 ಎಂಬಿ ಓದಲು ನಿಮಿಷಕ್ಕೂ ಮಿಕ್ಕಿ ಕಾಯಬೇಕು, ಅಷ್ಟೇ. 1.8 ವೋಲ್ಟಿನ ಚಿಪ್‌ಗಳಿಗೆ ಈ ಮಾರ್ಪಾಡು ಸಾಲದು, ಬೇರೆ ಅಡಾಪ್ಟರ್ ಬೇಕೇ ಬೇಕು. ಜೊತೆಗೆ ಬಂದ ಕ್ಲಿಪ್ ಮಾತ್ರ ದಂಡ: ಆಷಾಢದ ತೇವಕ್ಕೆ ಹಲ್ಲುಗಳು ಕಿಲುಬು ಹಿಡಿದು, ಒಂದೇ ಚಿಪ್ಪನ್ನು ಎರಡು ಸಲ ಓದಿದರೆ ಎರಡು ಬಗೆಯ ಫೈಲು ಬರುತ್ತಿತ್ತು. ಹಾಗಾಗಿ ಎರಡೂ ಓದುಗಳ ಚೆಕ್‌ಸಮ್ (ಫೈಲಿನ ಒಳಗಿರುವುದರಿಂದ ಲೆಕ್ಕಹಾಕಿದ ತಾಳೆ ಸಂಖ್ಯೆ) ಒಂದೇ ಆಗುವವರೆಗೆ ನಾನು ಚಿಪ್ಪನ್ನು ಅಳಿಸುವ ಆಜ್ಞೆ ಕೊಡುವುದಿಲ್ಲ.