ಆಸ್ಟ್ರಿಯಾ, ಇಟಲಿ, ಸ್ವಿಟ್ಜರ್ಲೆಂಡ್: ಬಾಡಿಗೆ ಕಾರಿನವರ ಕಣ್ಣಲ್ಲಿ ಮೂರು ಟೋಲ್ ವ್ಯವಸ್ಥೆಗಳು

ಮ್ಯೂನಿಕ್‌ನಲ್ಲಿ ಕಾರು ಬಾಡಿಗೆಗೆ ಹಿಡಿದು, ಇನ್ಸ್‌ಬ್ರುಕ್ ಮತ್ತು ಬ್ರೆನ್ನರ್ ದಾಟಿ ವೆರೋನಾ, ಮಿಲಾನ್ ನೋಡಿ, ಲುಗಾನೊ ಮೇಲೆ ಜ್ಯೂರಿಕ್‌ಗೆ ಹೋಗಿ, ಮತ್ತೆ ಮ್ಯೂನಿಕ್‌ಗೆ ಬಂದು ಕಾರು ಒಪ್ಪಿಸುವ ಸುತ್ತು ತುಂಬ ಜನ ಹಾಕುತ್ತಾರೆ. ಈ ಒಂದೇ ಸುತ್ತಿನಲ್ಲಿ ಟೋಲ್ ಕಟ್ಟುವ ಮೂರು ಬೇರೆ ಬೇರೆ ರೀತಿಗಳು ಎದುರಾಗುತ್ತವೆ. ಆಸ್ಟ್ರಿಯಾದಲ್ಲಿ ದಿನದ ಲೆಕ್ಕ, ಇಟಲಿಯಲ್ಲಿ ಕಿಲೋಮೀಟರ್ ಲೆಕ್ಕ, ಸ್ವಿಟ್ಜರ್ಲೆಂಡ್‌ನಲ್ಲಿ ವರ್ಷದ ಲೆಕ್ಕ. ಮೂರನ್ನೂ ಗ್ರಾಹಕ ಸೇವೆ ಎಂದುಕೊಂಡೇ ಇಲ್ಲಿ ತೂಗಲಾಗಿದೆ. ಹಣ ಕಟ್ಟುವುದು ಎಷ್ಟು ಸುಲಭ, ತಪ್ಪು ಎಲ್ಲಿ ಆಗುತ್ತದೆ, ತಪ್ಪಾದರೆ ಸರಿಪಡಿಸಲು ದಾರಿ ಇದೆಯೇ ಎಂಬುದೇ ಅಳತೆಗೋಲು.

ಟೋಲ್ ಮೊತ್ತಕ್ಕೆ ಹೆದರಬೇಕಾಗಿಲ್ಲ. ಹೆದರಬೇಕಾದದ್ದು ತಪ್ಪಿದ ಟೋಲ್‌ಗೆ. ಕ್ಯಾಮೆರಾ ಹಿಡಿದ ನಂಬರ್ ಪ್ಲೇಟ್‌ನ ನೋಟಿಸು ಮೊದಲು ಹೋಗುವುದು ಕಾರಿನ ಮಾಲೀಕರಿಗೆ, ಅಂದರೆ ಬಾಡಿಗೆ ಕಂಪನಿಗೆ. ಅವರು ನಿಮ್ಮ ಹೆಸರು ವಿಳಾಸ ಒದಗಿಸಿ, ಆ ಕೆಲಸಕ್ಕೇ ಒಂದು ಶುಲ್ಕವನ್ನು ನಿಮ್ಮ ಕ್ರೆಡಿಟ್ ಕಾರ್ಡಿನಿಂದ ಎಳೆದುಕೊಳ್ಳುತ್ತಾರೆ. ದಂಡ ಬೇರೆ. ಆದ್ದರಿಂದ ಕೌಂಟರ್‌ನಲ್ಲೇ ಎರಡು ಪ್ರಶ್ನೆ ಕೇಳಿ: ಈ ಕಾರನ್ನು ಈ ಮೂರೂ ದೇಶಗಳಿಗೆ ಒಯ್ಯಲು ಅನುಮತಿ ಇದೆಯೇ? ಇದಕ್ಕೆ ಈಗಾಗಲೇ ವಿನ್ಯೆಟ್ ಇದೆಯೇ? ವಿನ್ಯೆಟ್ ಎಂದರೆ ಇಂತಿಷ್ಟು ಅವಧಿಗೆ ಹೆದ್ದಾರಿ ಬಳಸಲು ಕೊಳ್ಳುವ ಪರವಾನಗಿ. ಹಿಂದಿನವರು ಅಂಟಿಸಿದ ಸ್ಟಿಕ್ಕರ್ ಗಾಜಿನ ಮೇಲೆ ಇನ್ನೂ ಚಾಲ್ತಿಯಲ್ಲಿದ್ದರೆ ಅದರ ಲಾಭ ನಿಮಗೇ.

ಆಸ್ಟ್ರಿಯಾದಿಂದ ಶುರು ಮಾಡೋಣ. ಅಲ್ಲಿನ ಹೆದ್ದಾರಿಗಳನ್ನು ನೋಡಿಕೊಳ್ಳುವ ಸಂಸ್ಥೆ ಆಸ್ಫಿನಾಗ್. 2025ರ ದರದಂತೆ ಕಾರಿಗೆ ಒಂದು ದಿನದ ವಿನ್ಯೆಟ್ 9.30 ಯೂರೋ, ಹತ್ತು ದಿನದ್ದು 12.40, ಎರಡು ತಿಂಗಳದ್ದು 31.10, ವರ್ಷದ್ದು 103.80. ದರ ವರ್ಷ ವರ್ಷ ಪರಿಷ್ಕರಣೆಯಾಗುತ್ತದೆ, ಹೊರಡುವ ಮುನ್ನ ಒಮ್ಮೆ ನೋಡಿಕೊಳ್ಳಿ. ಒಂದು ದಿನದ್ದನ್ನು ಇಪ್ಪತ್ತನಾಲ್ಕು ಗಂಟೆಯದ್ದು ಎಂದುಕೊಂಡು ಕೊಳ್ಳುವವರೇ ಹೆಚ್ಚು. ಅದು ಕ್ಯಾಲೆಂಡರ್ ದಿನ, ಮಧ್ಯರಾತ್ರಿಗೆ ಮುಗಿಯುತ್ತದೆ. ಸಂಜೆ ಐದಕ್ಕೆ ಕೊಂಡು ಇನ್ಸ್‌ಬ್ರುಕ್‌ನಲ್ಲಿ ರಾತ್ರಿ ತಂಗಿದರೆ ಬೆಳಿಗ್ಗೆ ಹೊಸದು ಬೇಕು. ಬರೀ 3.10 ಯೂರೋ ವ್ಯತ್ಯಾಸಕ್ಕೆ ಈ ಆತಂಕ ಯಾಕೆ, ಹತ್ತು ದಿನದ್ದನ್ನೇ ತೆಗೆದುಕೊಳ್ಳಿ.

ಡಿಜಿಟಲ್ ವಿನ್ಯೆಟ್ ಕಾರಿಗಲ್ಲ, ನಂಬರ್ ಪ್ಲೇಟಿಗೆ ಅಂಟಿಕೊಂಡಿರುತ್ತದೆ. ಹಾಗಾಗಿ ಕಾರಿನ ಕೀಲಿ ಕೈಗೆ ಬರುವ ಮೊದಲು ಅದನ್ನು ಕೊಳ್ಳಲಾಗದು. ಬುಕ್ಕಿಂಗ್ ಕಾಗದದಲ್ಲಿ ಪ್ಲೇಟ್ ಸಂಖ್ಯೆ ಇರುವುದಿಲ್ಲ. ಕಾರಿನ ಪಕ್ಕ ನಿಂತು, ಪ್ಲೇಟಿನ ಫೋಟೊ ತೆಗೆದು, ಅದನ್ನು ನೋಡಿಕೊಂಡು ಅಕ್ಷರ ತುಂಬಿ. ಮೊದಲು ದೇಶದ ಕಾಲಂ. ಇಲ್ಲಿ ನಿಮ್ಮ ದೇಶವನ್ನಲ್ಲ, ಕಾರು ನೋಂದಣಿಯಾದ ದೇಶವನ್ನು ಆರಿಸಬೇಕು: ಜರ್ಮನಿ. ಪಾಸ್‌ಪೋರ್ಟಿನ ಅಭ್ಯಾಸಕ್ಕೆ ಬಿದ್ದು ತಮ್ಮ ದೇಶವನ್ನೇ ಒತ್ತಿದರೆ, ಹಣ ಕಟ್ಟಿಯೂ ಕ್ಯಾಮೆರಾದ ಲೆಕ್ಕದಲ್ಲಿ ಕಟ್ಟದವರಾಗುತ್ತೀರಿ. ಆಮೇಲೆ ‘ಓ’ ಅಕ್ಷರ ಮತ್ತು ಸೊನ್ನೆಯ ಗೊಂದಲ. ಜರ್ಮನ್ ಪ್ಲೇಟಿನಲ್ಲಿ ಊರಿನ ಸಂಕೇತ ಒಂದರಿಂದ ಮೂರು ಅಕ್ಷರ, ನಂತರ ಒಂದೋ ಎರಡೋ ಅಕ್ಷರ, ಕೊನೆಗೆ ಒಂದರಿಂದ ನಾಲ್ಕು ಅಂಕಿ. ಅಂಕಿಗಳ ಗುಂಪು ಸೊನ್ನೆಯಿಂದ ಶುರುವಾಗುವುದಿಲ್ಲ. ಆದ್ದರಿಂದ ಮೊದಲ ಅಂಕಿಗಿಂತ ಮುಂಚೆ ಕಾಣುವ ದುಂಡಗಿನದು ಅಕ್ಷರ, ಆಮೇಲೆ ಕಾಣುವುದು ಸೊನ್ನೆ. ಎಲೆಕ್ಟ್ರಿಕ್ ಕಾರಾದರೆ ಅಂಕಿಗಳ ಕೊನೆಗೆ ‘ಇ’ ಅಕ್ಷರ ಇರುತ್ತದೆ. ಅದೂ ಸಂಖ್ಯೆಯ ಭಾಗವೇ, ಬಿಡಬಾರದು. ಇನ್ನೊಂದು: ನಡುದಾರಿಯಲ್ಲಿ ಕಾರು ಕೆಟ್ಟು ಕಂಪನಿಯವರು ಬೇರೆ ಕಾರು ಕೊಟ್ಟರೆ ಹಳೆಯ ವಿನ್ಯೆಟ್ ಹಳೆಯ ಪ್ಲೇಟಿನ ಜೊತೆಗೇ ಉಳಿಯುತ್ತದೆ. ಹೊಸ ಕಾರು ಹತ್ತುವ ಮುನ್ನ ಈ ಮಾತು ಎತ್ತಿ.

ಖಾಸಗಿ ಗ್ರಾಹಕರು ಎರಡು ತಿಂಗಳ ಅಥವಾ ವರ್ಷದ ವಿನ್ಯೆಟನ್ನು ಆನ್‌ಲೈನಿನಲ್ಲಿ ಕೊಂಡರೆ ಅದು ಹದಿನೆಂಟನೆಯ ದಿನದಿಂದಷ್ಟೇ ಚಾಲ್ತಿಗೆ ಬರುತ್ತದೆ. ಆನ್‌ಲೈನ್ ಖರೀದಿ ರದ್ದು ಮಾಡುವ ಗ್ರಾಹಕರ ಹಕ್ಕಿನ ಅವಧಿ ಮುಗಿಯಲಿ ಎಂದು ಇಟ್ಟ ಕಾಯುವಿಕೆ ಇದು. ಒಂದು ದಿನ, ಹತ್ತು ದಿನದವಕ್ಕೆ ಈ ತೊಡಕಿಲ್ಲ.

ಆಸ್ಟ್ರಿಯಾದ ನಿಜವಾದ ಬಲೆ ಬ್ರೆನ್ನರ್. ಕುಫ್‌ಸ್ಟೈನ್ ಗಡಿಯಿಂದ ಕುಫ್‌ಸ್ಟೈನ್ ದಕ್ಷಿಣ ಎಕ್ಸಿಟ್‌ವರೆಗೆ ಎ12 ಹೆದ್ದಾರಿಗೆ ವಿನ್ಯೆಟ್ ಬೇಡ, ಅಲ್ಲಿಂದ ಇನ್ಸ್‌ಬ್ರುಕ್‌ವರೆಗೆ ಬೇಕೇಬೇಕು. ಇನ್ಸ್‌ಬ್ರುಕ್‌ನಿಂದ ಬ್ರೆನ್ನರ್ ಕಣಿವೆಗೆ ಏರುವ ಎ13ಕ್ಕೆ ವಿನ್ಯೆಟ್ ನಡೆಯುವುದೇ ಇಲ್ಲ. ಅದಕ್ಕೆ ಪ್ರತ್ಯೇಕ ಟೋಲ್, ಸುಮಾರು 12 ಯೂರೋ. ಯೂರೋಪಾ ಸೇತುವೆ ಇರುವುದು ಈ ದಾರಿಯಲ್ಲೇ. ಶೋನ್‌ಬರ್ಗ್‌ನ ಟೋಲ್ ಗೇಟಿನಲ್ಲಿ ಕಾರ್ಡ್ ಅಥವಾ ನಗದು ಕೊಡಬಹುದು, ಇಲ್ಲವೇ ಆಸ್ಫಿನಾಗ್‌ನಲ್ಲೇ ಮೊದಲೇ ಪ್ಲೇಟ್ ಹಾಕಿ ಕೊಳ್ಳಬಹುದು. ವಿನ್ಯೆಟ್ ಕೊಂಡಿದ್ದೇನಲ್ಲ ಎಂದು ಗೇಟಿನಲ್ಲಿ ವಾದ ಹೂಡಿದರೆ ಹಿಂದಿನವರಿಗೆ ತೊಂದರೆಯೇ ಹೊರತು ಬೇರೇನೂ ಆಗದು. ಎ10ರ ಟೌರ್ನ್, ಎ11ರ ಕಾರವಾಂಕನ್, ಎಸ್16ರ ಆರ್ಲ್‌ಬರ್ಗ್ ಸುರಂಗಗಳಿಗೂ ಹೀಗೆಯೇ ಬೇರೆ ಹಣ. ಬೆಲೆ ನ್ಯಾಯವಾದದ್ದು, ವೆಬ್‌ಸೈಟ್ ಚೊಕ್ಕಟ. ಆದರೆ ವಿನ್ಯೆಟ್ ಮಾರುವ ಪುಟದಲ್ಲೇ ಈ ವಿಶೇಷ ತುಂಡುಗಳನ್ನು ದೊಡ್ಡದಾಗಿ ತೋರಿಸಬೇಕಿತ್ತು. ಐದಕ್ಕೆ ಮೂರೂವರೆ.

ಇಟಲಿಯಲ್ಲಿ ಮೊದಲೇ ಏನೂ ಕೊಳ್ಳಬೇಕಾಗಿಲ್ಲ. ಬ್ರೆನ್ನರ್ ಇಳಿದು ಎ22 ಹಿಡಿದರೆ ವಿಪಿಟೇನೊ ಬಳಿ ಗೇಟು ಬರುತ್ತದೆ. ಅಲ್ಲಿ ಹಣ ಕೇಳುವುದಿಲ್ಲ, ಟಿಕೆಟ್ ಕೊಡುತ್ತಾರೆ. ಕಂಬದಲ್ಲಿ ಎರಡು ಎತ್ತರದಲ್ಲಿ ಗುಂಡಿಗಳಿರುತ್ತವೆ, ಮೇಲಿನದು ಲಾರಿಯವರಿಗೆ. ಕೆಳಗಿನದನ್ನು ಒತ್ತಿದರೆ ಚೀಟಿ ಹೊರಬರುತ್ತದೆ. ಹೆದ್ದಾರಿ ಬಿಡುವಾಗ ಇದೇ ಚೀಟಿಯಿಂದ ದೂರ ಲೆಕ್ಕ ಹಾಕುತ್ತಾರೆ. ಮಡಚಬೇಡಿ, ಕಪ್ ಹೋಲ್ಡರಿನಲ್ಲಿ ನೆನೆಯಲು ಬಿಡಬೇಡಿ. ಕಳೆದುಹೋದರೆ ಅತಿ ದೂರದ ಗೇಟಿನಿಂದ ಬಂದಂತೆ ಲೆಕ್ಕ ಹಿಡಿಯುತ್ತಾರೆ.

ಹೊರಗೇಟಿನಲ್ಲಿ ಎಲ್ಲವೂ ನಿಂತಿರುವುದು ಲೇನ್ ಆಯ್ಕೆಯ ಮೇಲೆ. ಗೇಟು ಇನ್ನೂ ದೂರವಿರುವಾಗಲೇ ವೇಗ ತಗ್ಗಿಸಿ ಮೇಲಿನ ಫಲಕ ನೋಡಿ. ಹಳದಿ ಫಲಕ ಟೆಲಿಪಾಸ್, ಅಂದರೆ ಟೋಲ್ ತಾನಾಗಿ ಕಟ್ಟುವ ಯಂತ್ರ ಕಾರಿನಲ್ಲಿ ಹೊಂದಿದವರಿಗೆ ಮಾತ್ರ. ನೀಲಿ ಫಲಕ, ಕಾರ್ಡಿನ ಚಿತ್ರ: ಕಾರ್ಡಿಗೆ. ಬಿಳಿ ಫಲಕ, ನಾಣ್ಯ ನೋಟಿನ ಚಿತ್ರ: ನಗದಿಗೆ. ವಾಹನ ಕಡಿಮೆ ಎಂದು ಹಳದಿಗೆ ನುಗ್ಗುವುದು ಹೊಸಬರ ಮಾಮೂಲಿ ತಪ್ಪು. ಹಾಗಾದರೆ ಗಾಬರಿ ಬೇಡ, ಆದರೆ ಯಾವ ಕಾರಣಕ್ಕೂ ರಿವರ್ಸ್ ಹಾಕಬೇಡಿ. ಹೆದ್ದಾರಿಯಲ್ಲಿ ಹಿಂದಕ್ಕೆ ಬರುವುದು ಇಟಲಿಯಲ್ಲಿ ಭಾರಿ ದಂಡದ, ಲೈಸೆನ್ಸ್ ಅಮಾನತಾಗುವ ಅಪರಾಧ. ಸಹಾಯದ ಗುಂಡಿ ಒತ್ತಿ. ಆ ಕಡೆಯಿಂದ ದನಿ ಬರುತ್ತದೆ, ಇಂಗ್ಲಿಷ್ ಅಲ್ಪಸ್ವಲ್ಪ ನಡೆಯುತ್ತದೆ. ಕಾರ್ಡ್ ಒಪ್ಪದಿದ್ದಾಗಲೂ ಮಾಡಬೇಕಾದದ್ದು ಇದೇ. ಯಂತ್ರ ಒಂದು ಉದ್ದನೆಯ ಚೀಟಿ ಮುದ್ರಿಸುತ್ತದೆ, ತಲೆಬರಹ ‘ಮಂಕಾತೊ ಪಗಮೆಂತೊ’, ಅಂದರೆ ಹಣ ಸಂದಿಲ್ಲ ಎಂದು. ಗೇಟು ತೆರೆಯುತ್ತದೆ. ಹದಿನೈದು ದಿನದೊಳಗೆ ಆನ್‌ಲೈನಿನಲ್ಲೋ ಹೆದ್ದಾರಿ ಬದಿಯ ‘ಪುಂತೊ ಬ್ಲೂ’ ಕಚೇರಿಯಲ್ಲೋ ಕಟ್ಟಿದರೆ ಮಾತು ಮುಗಿಯಿತು. ಆ ಚೀಟಿಯ ಫೋಟೊ ತಕ್ಷಣ ತೆಗೆದಿಡಿ. ತಪ್ಪಿದವರಿಗೆ ಇಷ್ಟು ಸರಾಗವಾದ ದಾರಿ ಬೇರೆಡೆ ಅಪರೂಪ. ಇಟಲಿಯ ವ್ಯವಸ್ಥೆಯಲ್ಲಿ ಮೆಚ್ಚತಕ್ಕ ಅಂಶ ಇದು.

ಮಿಲಾನ್ ಸುತ್ತ ಮಾತ್ರ ಎಚ್ಚರ. ಕೋಮೊ ಕಡೆಗಿನ ಎ8, ಎ9ರಲ್ಲಿ ಟಿಕೆಟ್ ಇಲ್ಲ, ಗೇಟಿಗೆ ಇಷ್ಟು ಎಂಬ ನಿಗದಿತ ಹಣ. ಜೊತೆಗೆ ಎ36 ಪೆದೆಮೊಂತಾನಾ, ಕೋಮೊ ಬಳಿಯ ಎ59, ವಾರೇಸೆ ಬಳಿಯ ಎ60 ರಸ್ತೆಗಳಲ್ಲಿ ಗೇಟೇ ಇಲ್ಲ. ಕಂಬದ ಮೇಲಿನ ಕ್ಯಾಮೆರಾ ಪ್ಲೇಟ್ ಓದಿಕೊಳ್ಳುತ್ತದೆ, ನೀವಾಗಿಯೇ ಹದಿನೈದು ದಿನದೊಳಗೆ ಅವರ ಜಾಲತಾಣಕ್ಕೆ ಹೋಗಿ ಕಟ್ಟಬೇಕು. ಗೇಟು ಕಾಣದ ಕಾರಣ ರಸ್ತೆ ಉಚಿತ ಎಂದುಕೊಂಡು ಮರೆಯುವುದು ಸಹಜ, ತಿಂಗಳುಗಳ ನಂತರ ನೋಟಿಸು ಬರುವುದೂ ಅಷ್ಟೇ ಸಹಜ. ಮ್ಯಾಪ್ ನಿಮ್ಮನ್ನು ಎ36ಕ್ಕೆ ತಿರುಗಿಸಿತೇ ಎಂದು ರಾತ್ರಿ ಪ್ರಯಾಣದ ದಾಖಲೆ ನೋಡಿ. ಮಿಲಾನ್ ನಗರದ ಒಳವಲಯ ‘ಏರಿಯಾ ಸಿ’ಗೂ ಕಾರಿಗೆ 7.50 ಯೂರೋ ಪ್ರವೇಶ ಶುಲ್ಕವಿದೆ. ಕಾರನ್ನು ಹೊರಗಿನ ಮೆಟ್ರೊ ನಿಲ್ದಾಣದಲ್ಲಿ ಬಿಡುವುದೇ ಒಳ್ಳೆಯದು. ಗೇಟುಳ್ಳ ಇಟಲಿಗೆ ನಾಲ್ಕು ಅಂಕ, ಗೇಟಿಲ್ಲದ ಇಟಲಿಗೆ ಎರಡು.

ಸ್ವಿಟ್ಜರ್ಲೆಂಡ್‌ನದು ಹೇಳಲು ಚಿಕ್ಕದು. ಕಿಯಾಸೊ ಗಡಿ ದಾಟುವ ಮೊದಲು 40 ಫ್ರಾಂಕ್ ಕೊಟ್ಟು ವಿನ್ಯೆಟ್ ಕೊಂಡರೆ ದೇಶದ ಹೆದ್ದಾರಿಗಳೆಲ್ಲ ನಿಮ್ಮವು. ಸುಮಾರು 17 ಕಿಲೋಮೀಟರ್ ಉದ್ದದ ಗೊಟ್ಹಾರ್ಡ್ ರಸ್ತೆ ಸುರಂಗಕ್ಕೂ ಬೇರೆ ಹಣ ಇಲ್ಲ. ಗ್ರೇಟ್ ಸೇಂಟ್ ಬರ್ನಾರ್ಡ್ ಮತ್ತು ಲಿವಿನ್ಯೊ ಕಡೆಯ ಮುಂಟ್ ಲಾ ಶೇರಾ ಸುರಂಗಗಳು ಮಾತ್ರ ಹೊರತು. ಈ 40 ಫ್ರಾಂಕ್ ದರ 1995ರಿಂದ ಬದಲಾಗಿಲ್ಲ. ಅದನ್ನು 100ಕ್ಕೆ ಏರಿಸುವ ಪ್ರಸ್ತಾಪವನ್ನು 2013ರ ನವೆಂಬರಿನಲ್ಲಿ ಅಲ್ಲಿನ ಮತದಾರರೇ ತಿರಸ್ಕರಿಸಿದರು. ಅವಧಿ ಹಿಂದಿನ ವರ್ಷದ ಡಿಸೆಂಬರ್ 1ರಿಂದ ಮುಂದಿನ ವರ್ಷದ ಜನವರಿ 31ರವರೆಗೆ, ಒಟ್ಟು ಹದಿನಾಲ್ಕು ತಿಂಗಳು. ಎರಡು ದಿನಕ್ಕೆ ಬಂದವರಿಗೂ ಅದೇ ಬೆಲೆ ಎಂಬುದು ಪ್ರವಾಸಿಗೆ ನಿಜವಾದ ಅನ್ಯಾಯ, ಆಸ್ಟ್ರಿಯಾದಂತೆ ಹತ್ತು ದಿನದ್ದೊಂದು ಬೇಕಿತ್ತು. ವಿನ್ಯೆಟ್ ಇಲ್ಲದೆ ಸಿಕ್ಕಿಬಿದ್ದರೆ 200 ಫ್ರಾಂಕ್ ದಂಡ, ಜೊತೆಗೆ ವಿನ್ಯೆಟ್ಟಿನ ಬೆಲೆ.

2023ರ ಆಗಸ್ಟ್ 1ರಿಂದ ಇ-ವಿನ್ಯೆಟ್ ಬಂದಿದೆ. ಸ್ಟಿಕ್ಕರಿಗೂ ಇದಕ್ಕೂ ಬೆಲೆ ಒಂದೇ. ಸ್ಟಿಕ್ಕರ್ ಆದರೆ ಗಾಜಿಗೆ ಪೂರ್ತಿ ಅಂಟಿಸಲೇಬೇಕು, ಟೇಪ್ ಹಚ್ಚಿದ್ದು, ಡ್ಯಾಶ್‌ಬೋರ್ಡ್ ಮೇಲಿಟ್ಟದ್ದು ಲೆಕ್ಕಕ್ಕಿಲ್ಲ. ಇ-ವಿನ್ಯೆಟ್ಟಿಗೆ ಸ್ವಿಸ್ ಸುಂಕ ಮತ್ತು ಗಡಿ ಭದ್ರತಾ ಇಲಾಖೆಯ ಪೋರ್ಟಲ್ ಮಾತ್ರ ಅಧಿಕೃತ. ವಿಳಾಸ ‘ಅಡ್ಮಿನ್ ಡಾಟ್ ಸಿಎಚ್’ ಎಂದು ಮುಗಿಯುತ್ತದೆ. ಹುಡುಕಿದಾಗ ಮೇಲೆ ಬರುವ ಜಾಹೀರಾತಿನ ತಾಣಗಳು ಅದೇ ವಿನ್ಯೆಟನ್ನು ಸೇವಾ ಶುಲ್ಕ ಸೇರಿಸಿ ಮಾರುತ್ತವೆ. ಖಾತೆ ತೆರೆಯಬೇಕಾಗಿಲ್ಲ, ದೇಶ, ಪ್ಲೇಟ್, ಪಾವತಿ, ಮುಗಿಯಿತು. ಪಾವತಿಯಲ್ಲಿ ಬ್ಯಾಂಕಿನ ಒಟಿಪಿ ಬೇಕಾಗಬಹುದು, ಆ ನಂಬರಿನ ಸಿಮ್‌ಗೆ ಹೊರದೇಶದಲ್ಲಿ ಸಂದೇಶ ಬರುವಂತೆ ಮೊದಲೇ ವ್ಯವಸ್ಥೆ ಮಾಡಿಕೊಳ್ಳಿ. ಗಡಿಯ ಹತ್ತಿರ ನಿಂತು ಒಟಿಪಿಗೆ ಕಾಯುವುದು ಬಲು ಕಷ್ಟ. ಬೆಲೆಯ ದೂರು ಬಿಟ್ಟರೆ ಮೂರರಲ್ಲಿ ಇದೇ ಅತ್ಯಂತ ನಿರಾತಂಕದ್ದು: ನಾಲ್ಕೂವರೆ.

ಜ್ಯೂರಿಕ್‌ನಿಂದ ಮ್ಯೂನಿಕ್‌ಗೆ ಮರಳುವಾಗ ಬ್ರೆಗೆನ್ಸ್ ಬಳಿ ಕೆಲವೇ ಕಿಲೋಮೀಟರ್ ಆಸ್ಟ್ರಿಯಾ ಸಿಗುತ್ತದೆ. ಹತ್ತು ದಿನ ಮುಗಿದಿದ್ದರೂ ಚಿಂತಿಸಬೇಡಿ, ಎ14 ಹೆದ್ದಾರಿಯಲ್ಲಿ ಹೊಹೆನೆಮ್ಸ್‌ನಿಂದ ಜರ್ಮನ್ ಗಡಿವರೆಗಿನ ತುಂಡಿಗೆ ವಿನ್ಯೆಟ್ ವಿನಾಯಿತಿ ಇದೆ. ಮ್ಯಾಪ್ ಹೊಹೆನೆಮ್ಸ್‌ಗಿಂತ ದಕ್ಷಿಣದಿಂದ ಹೆದ್ದಾರಿ ಹತ್ತಿಸುತ್ತಿಲ್ಲ ಎಂಬುದನ್ನಷ್ಟೇ ನೋಡಿಕೊಳ್ಳಿ. ಆಮೇಲೆ ಜರ್ಮನಿಯಲ್ಲಿ ಕಾರಿಗೆ ಹೆದ್ದಾರಿ ಟೋಲ್ ಇಲ್ಲ. ಕಾರು ಒಪ್ಪಿಸಿದ ಮೇಲೂ ವಿನ್ಯೆಟ್ಟಿನ ಪಿಡಿಎಫ್, ಇಟಲಿಯ ರಸೀದಿ, ಪ್ಲೇಟಿನ ಫೋಟೊ ಮೂರನ್ನೂ ಒಂದು ವರ್ಷವಾದರೂ ಅಳಿಸಬೇಡಿ. ಕಟ್ಟಿದ ಟೋಲಿಗೇ ನೋಟಿಸು ಬಂದಾಗ ಬಾಡಿಗೆ ಕಂಪನಿಗೆ ಕಳಿಸಲು ಬೇಕಾಗುವುದು ಇವೇ.